‘ಓಟಿಪಿ ಎಷ್ಟು ಬಂತು ನೋಡಬೇ ಯವ್ವಾ?’

ಹೊಸಹಳ್ಳಿಯ ಕಂಪ್ಯೂಟರ್ ಅಂಗಡಿಗಳಲ್ಲಿ ದಿನವಿಡೀ ಕೇಳಿಬರುವ ಪ್ರಶ್ನೆಯಿದು. ಇದಕ್ಕೆ ಉತ್ತರ ಕೊಡಬೇಕಾದವರು ಕೌಂಟರಿನ ಮುಂದೆ ನಿಂತ ಅಜ್ಜಿಯಲ್ಲ, ಆ್ಯಪ್ ಕಟ್ಟುವ ನಾವು.

ಬೆಳಿಗ್ಗೆ ಹತ್ತೂವರೆ. ಊರು ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿ. ಸುತ್ತಲಿನವರ ಬಾಯಲ್ಲಿ ಬರೀ ಹೊಸಹಳ್ಳಿ. ಹೆದ್ದಾರಿಯ ಲಾರಿಗಳ ಸದ್ದು ಅಂಗಡಿಯೊಳಗೂ ಕೇಳುತ್ತದೆ. ಕರೆಂಟು ಈಗಷ್ಟೇ ಬಂದಿದೆ. ಕೌಂಟರಿನ ಹುಡುಗ ಬೆರಳಚ್ಚಿನ ಯಂತ್ರದ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಾನೆ. ಎದುರಿಗೆ ನಿಂತ ಅಜ್ಜಿ ಹೆಬ್ಬೆರಳನ್ನು ತಲೆಗೂದಲಿಗೆ ಎರಡು ಸಲ ಉಜ್ಜಿಕೊಳ್ಳುತ್ತಾಳೆ. ಎಣ್ಣೆಯ ಪಸೆ ತಾಗಿದರೆ ಬೆರಳು ‘ತಗೊಳ್ತೈತೆ’ ಅನ್ನುವುದು ಅವಳು ರೇಷನ್ ಅಂಗಡಿಯ ಸಾಲಿನಲ್ಲಿ ಕಲಿತದ್ದು. ಶೇಂಗಾ ಕಿತ್ತು, ಹುಣಸೆಹಣ್ಣು ಬಡಿದು ಬೀಜ ಬಿಡಿಸಿ ಸವೆದ ಬೆರಳು. ಮೂರು ಸಲ ಒತ್ತಿದರೂ ಯಂತ್ರ ಒಪ್ಪುವುದಿಲ್ಲ. ಹುಡುಗ ಇನ್ನೊಂದು ದಾರಿ ಹಿಡಿಯುತ್ತಾನೆ. ಅಜ್ಜಿ ಎಲೆಅಡಿಕೆ ಚೀಲದಿಂದ ಬಟನ್ ಫೋನು ತೆಗೆದು ಅವನ ಕೈಗೇ ಕೊಡುತ್ತಾಳೆ. “ಓಟಿಪಿ ಎಷ್ಟು ಬಂತು ನೋಡಬೇ ಯವ್ವಾ?” ಎಂದು ಅವನು ಕೇಳುವುದು ಬರೀ ರೂಢಿ. ಓದುವವನೂ ಅವನೇ, ಒತ್ತುವವನೂ ಅವನೇ. ಅಷ್ಟರಲ್ಲಿ ಸಾಲಿನಲ್ಲಿ ನಿಂತವರಿಗೆಲ್ಲ ಆ ಆರಂಕಿ ಕೇಳಿಸಿರುತ್ತದೆ.

ಆ ಹುಡುಗನಲ್ಲಿ ಕೆಟ್ಟದ್ದೇನೂ ಇಲ್ಲ. ಅವನಿಲ್ಲದಿದ್ದರೆ ಹೋಬಳಿಯ ಅರ್ಧ ಅರ್ಜಿಗಳು ಮುಂದೆ ಹೋಗುತ್ತಿರಲಿಲ್ಲ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಗ್ರಾಮ ಒನ್ ಕೇಂದ್ರಗಳ ಮುಂದೆ ಹೆಂಗಸರು ಊಟ ಬಿಟ್ಟು ನಿಂತದ್ದನ್ನು ನೆನೆದರೆ ಇಂಥ ಹುಡುಗರ ಬಗ್ಗೆ ಕೃತಜ್ಞತೆಯೇ ಹುಟ್ಟುತ್ತದೆ. ನನ್ನ ತಕರಾರು ಇರುವುದು ‘ಮೊಬೈಲಿಗೆ ಒಂದು ನಂಬರು ಕಳಿಸಿದರೆ ಆಯಿತು, ಬಂದವರು ಯಾರೆಂದು ಗೊತ್ತಾಗುತ್ತದೆ’ ಎಂದು ತೀರ್ಮಾನಿಸಿದವರ ಮೇಲೆ. ಹಾಗೆ ತೀರ್ಮಾನಿಸಿದವರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಪತ್ತಿನ ಸಹಕಾರ ಸಂಘಕ್ಕೆ ನಾವು ಮೂವರು ಸೇರಿ ಮೊಬೈಲ್ ಆ್ಯಪ್ ಮಾಡಿಕೊಟ್ಟೆವು. ಸದಸ್ಯರು ಸಾಲದ ಬಾಕಿ, ಕಂತು, ಷೇರಿನ ಲೆಕ್ಕವನ್ನು ಫೋನಿನಲ್ಲೇ ನೋಡಬಹುದು. ಒಳಹೋಗಲು ಮೊಬೈಲ್ ನಂಬರು, ಅದಕ್ಕೆ ಬರುವ ಓಟಿಪಿ, ಅಷ್ಟೇ. ಒಂದು ದಿನ ಬೇರೆ ಜಿಲ್ಲೆಯಿಂದ ಯಾರೋ ಫೋನು ಮಾಡಿದರು. “ಸಾರ್, ಯಾರದೋ ಸಾಲದ ಕಂತಿನ ಮೆಸೇಜು ನನಗೆ ಬರ್ತಾ ಇದೆ. ಆ್ಯಪ್ ಹಾಕಿ ನೋಡಿದೆ, ಅವರ ಲೆಕ್ಕ ಪೂರ್ತಿ ಕಾಣಿಸ್ತಿದೆ.” ನಡೆದದ್ದು ಇಷ್ಟು: ಸದಸ್ಯರೊಬ್ಬರು ಕುಟುಂಬ ಸಮೇತ ಗುಳೆ ಹೋಗಿದ್ದರು. ರೀಚಾರ್ಜ್ ಇಲ್ಲದೆ ಸಿಮ್ ಸತ್ತಿತು. ಸಂಪರ್ಕ ಕಡಿದ ನಂಬರನ್ನು 90 ದಿನ ಯಾರಿಗೂ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ಹಾಗೆ ಆ ನಂಬರು ಇವರ ಕೈ ಸೇರಿತ್ತು. ಒಳ್ಳೆಯ ಮನುಷ್ಯ, ತಾನಾಗಿ ಹೇಳಿದ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ತಾಂಡಾಗಳಿಂದ ಕಬ್ಬು ಕಡಿಯಲು ಮಂಡ್ಯದ ಕಡೆಗೆ, ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ಜನ ವರ್ಷ ವರ್ಷ ಹೋಗಿಬರುತ್ತಾರೆ ಎಂದು ಈ ನೆಲದಲ್ಲಿ ಹುಟ್ಟಿದ ನನಗೆ ಗೊತ್ತಿತ್ತು. ಗೊತ್ತಿದ್ದೂ, ಮನುಷ್ಯನ ಗುರುತನ್ನು ರೀಚಾರ್ಜಿನ ಮೇಲೆ ನಿಲ್ಲಿಸಿದ್ದೆ.

ಆವತ್ತಿನಿಂದ ನನ್ನ ತಲೆಯಲ್ಲಿ ಕೂತ ಮಾತು ಒಂದೇ. ‘ಓಟಿಪಿ ಯಾರಿಗೂ ಹೇಳಬೇಡಿ’ ಎಂದು ಜನರಿಗೆ ಬುದ್ಧಿ ಹೇಳುತ್ತಲೇ ಇದ್ದೇವೆ. ಹೇಳಲು ಏನೂ ಇಲ್ಲದಂಥ ಆ್ಯಪ್ ಕಟ್ಟುವುದು ನಮ್ಮ ಕೆಲಸ.

ಒಂದೇ ಬೆರಳು, ಎರಡು ದಾರಿ

ಒಳಬರುವವರು ಯಾರೆಂದು ಗುರುತಿಸುವ ವಿಷಯ ಕರ್ನಾಟಕಕ್ಕೆ ಹೊಸದಲ್ಲ. ದೇಶದ ಬಹುಪಾಲು ಸರ್ಕಾರಿ ಕಚೇರಿಗಳಿಗೆ ಕಂಪ್ಯೂಟರೇ ಅಪರೂಪವಾಗಿದ್ದ ಕಾಲದಲ್ಲಿ, 2001ರ ಹೊತ್ತಿಗೆ, ನಮ್ಮ ತಾಲ್ಲೂಕು ಕಚೇರಿಗಳಲ್ಲಿ ‘ಭೂಮಿ’ ಓಡುತ್ತಿತ್ತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗ್ರಾಮ ಲೆಕ್ಕಿಗರ ಕಡತಗಳಿಂದ ಕಂಪ್ಯೂಟರಿಗೆ ಬಂದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಸಿಗುತ್ತಿತ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ ಆ ಯೋಜನೆಯ ಬಗ್ಗೆ ಎಲ್ಲರೂ ಹೇಳುವುದು ಪಹಣಿಯ ಕಥೆ. ನನಗೆ ಹಿಡಿಸುವುದು ಅದರ ಒಳಬಾಗಿಲು. ತಂತ್ರಾಂಶಕ್ಕೆ ಒಳಹೋಗುವ ಸಿಬ್ಬಂದಿ ಬರೀ ಪಾಸ್‌ವರ್ಡ್ ಹೊಡೆದರೆ ಸಾಲದು, ಬೆರಳಚ್ಚು ಒತ್ತಬೇಕಿತ್ತು. ದಾಖಲೆ ತಿದ್ದಿದವನು ನಾಳೆ ‘ನಾನಲ್ಲ, ನನ್ನ ಪಾಸ್‌ವರ್ಡ್ ಯಾರೋ ಬಳಸಿದ್ದಾರೆ’ ಅನ್ನಲು ಬಾರದು. ಬೇಲಿಯೇ ಎದ್ದು ಹೊಲ ಮೇಯುವುದನ್ನು ತಡೆಯಲು ಬೇಲಿಯ ಪ್ರತಿ ಗೂಟಕ್ಕೂ ಹೆಸರು ಬರೆದಂತೆ. ಕಾಲು ಶತಮಾನದ ಹಿಂದಿನ ಆ ಆಯ್ಕೆ ಎಷ್ಟು ಸರಿಯಿತ್ತೆಂದರೆ, ಇವತ್ತಿಗೂ ಎಷ್ಟೋ ಕಚೇರಿಗಳು ಅಲ್ಲಿಗೆ ಮುಟ್ಟಿಲ್ಲ.

ಅದೇ ಬೆರಳು 2023ರಲ್ಲಿ ನಮಗೆ ಬೇರೆಯದೇ ಪಾಠ ಕಲಿಸಿತು. ಬೆಂಗಳೂರು, ಮಂಗಳೂರು ಮೊದಲಾದ ಕಡೆ ಆಸ್ತಿ ನೋಂದಣಿ ಮಾಡಿಸಿಕೊಂಡವರ ಖಾತೆಗಳಿಂದ ಹಣ ಮಾಯವಾಗತೊಡಗಿತು. ಯಾರೂ ಅವರಿಗೆ ಫೋನು ಮಾಡಿರಲಿಲ್ಲ, ಓಟಿಪಿ ಕೇಳಿರಲಿಲ್ಲ. ಹಣ ಕಡಿತವಾದ ಮೆಸೇಜೇ ಮೊದಲ ಸುದ್ದಿ. ತನಿಖೆ ಹೋಗಿ ಮುಟ್ಟಿದ್ದು ನೋಂದಣಿ ಪತ್ರಗಳಿಗೆ. ಕ್ರಯಪತ್ರದ ಹಾಳೆಗಳಲ್ಲಿ ಹೆಬ್ಬೆಟ್ಟಿನ ಗುರುತೂ ಇರುತ್ತದೆ, ಆಧಾರ್ ಸಂಖ್ಯೆಯೂ ಇರುತ್ತದೆ. ಪತ್ರದ ನಕಲು ಸಿಕ್ಕವರು ಆ ಗುರುತಿನಿಂದ ನಕಲಿ ಬೆರಳು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಯಂತ್ರಕ್ಕೆ ಒತ್ತಿ ಹಣ ತೆಗೆದಿದ್ದರು. ಅಕ್ಟೋಬರಿನಲ್ಲಿ ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಹಿಡಿದು ತಂದರು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನ ಪತ್ರಗಳಲ್ಲಿ ಬೆರಳಚ್ಚು, ಆಧಾರ್ ಸಂಖ್ಯೆ ಕಾಣದಂತೆ ಮರೆಮಾಡುವ ಕೆಲಸ ಆಮೇಲೆ ನಡೆಯಿತು. ಬೆರಳು ಜೀವಂತವೋ ನಕಲಿಯೋ ಎಂದು ಪತ್ತೆ ಮಾಡುವ ತಪಾಸಣೆಯನ್ನು ಆಧಾರ್ ಪ್ರಾಧಿಕಾರವೂ ಅದೇ ವರ್ಷ ಬಿಗಿ ಮಾಡಿತು.

ಹಾಗಾದರೆ ಬೆರಳಚ್ಚು ಕೆಟ್ಟದ್ದೇ? ಇಲ್ಲಿ ಜನ ಒಂದು ವ್ಯತ್ಯಾಸವನ್ನು ಗಮನಿಸುವುದಿಲ್ಲ. ಆ್ಯಪ್ ಕಟ್ಟುವವರಲ್ಲೂ ಬಹಳ ಮಂದಿ ಗಮನಿಸುವುದಿಲ್ಲ. ಅಂಗಡಿಯ ಯಂತ್ರಕ್ಕೆ ಬೆರಳೊತ್ತಿದಾಗ ಅದರ ಗುರುತು ತಂತಿ ಹಿಡಿದು ದೂರದ ಕಂಪ್ಯೂಟರಿಗೆ ಹೋಗಿ ಅಲ್ಲಿ ತಾಳೆಯಾಗುತ್ತದೆ. ಗುರುತು ಯಾರಿಗೆ ಸಿಕ್ಕರೂ ಅವರು ಅದನ್ನು ಯಾವ ಊರಿನ ಯಂತ್ರಕ್ಕಾದರೂ ಒತ್ತಬಹುದು. ನಮ್ಮದೇ ಫೋನಿಗೆ ಬೆರಳಿಟ್ಟಾಗ ಅದು ಎಲ್ಲಿಗೂ ಹೋಗುವುದಿಲ್ಲ. ಫೋನಿನೊಳಗಿನ ಒಂದು ಚಿಪ್ಪಿನ ಬೀಗ ತೆಗೆಯುತ್ತದೆ, ಅಷ್ಟೇ. ಕಳ್ಳನಿಗೆ ನನ್ನ ಬೆರಳಿನ ಗುರುತು ಸಿಕ್ಕರೂ ನನ್ನ ಫೋನು ಅವನ ಕೈಯಲ್ಲಿ ಇರಬೇಕು. ಒಂದೇ ಬೆರಳಾದರೂ ಒಂದು ದಾರಿಯಲ್ಲಿ ಅದು ಊರೂರು ಸುತ್ತುತ್ತದೆ, ಇನ್ನೊಂದರಲ್ಲಿ ಮನೆ ಬಿಟ್ಟು ಕದಲುವುದಿಲ್ಲ. ಹೊಸ ಆ್ಯಪಿಗೆ ಯಾವ ದಾರಿ ಹಿಡಿಯಬೇಕೆಂದು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಮೊದಲನೆಯದನ್ನು ಈಗಾಗಲೇ ಬಳಸುತ್ತಿರುವ ಓದುಗರು, ಬೇಕಿಲ್ಲದಾಗ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಡಿ. ಆ ಸೌಲಭ್ಯ ಇದೆ, ಬಳಸುವವರು ಕಡಿಮೆ.

ಬರುವ ಮೆಸೇಜು, ಹೋಗುವ ಮೆಸೇಜು

ಓಟಿಪಿಯನ್ನು ಪೂರ್ತಿ ಹಳಿಯುವುದು ನ್ಯಾಯವಲ್ಲ. 2009ರಲ್ಲಿ ರಿಸರ್ವ್ ಬ್ಯಾಂಕು ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ಗುರುತನ್ನು ಕಡ್ಡಾಯ ಮಾಡಿದಾಗ ಬೇರೆ ಎಷ್ಟೋ ದೇಶಗಳು ಕಾರ್ಡಿನ ಅಂಕಿಗಳನ್ನೇ ನಂಬಿ ಕೂತಿದ್ದವು. ಆದರೆ ಆ ಪುಟ್ಟ ಮೆಸೇಜಿನ ಮೇಲೆ ಹೊರಲಾರದಷ್ಟು ಭಾರ ಹೇರಿದೆವು. ಎಸ್ಎಂಎಸ್ಸನ್ನು ಫೋನಿನಲ್ಲಿರುವ ಬೇರೆ ಆ್ಯಪ್ ಓದಬಹುದು. ಈಚೆಗೆ ವಾಟ್ಸ್ಆ್ಯಪಿನಲ್ಲಿ ‘ಮದುವೆ ಆಮಂತ್ರಣ’ ಎಂದೋ ‘ಗಾಡಿ ದಂಡದ ಚಲನ್’ ಎಂದೋ ಎಪಿಕೆ ಕಡತ ಬರುವುದು, ಒತ್ತಿದ ಮೇಲೆ ಖಾತೆ ಖಾಲಿಯಾಗುವುದು, ಎಲ್ಲ ಈ ಕಿಂಡಿಯಿಂದಲೇ. ಸಿಮ್ಮನ್ನೇ ನಕಲು ಮಾಡಿಸಿಕೊಳ್ಳುವವರಿದ್ದಾರೆ. ಎಲ್ಲಕ್ಕಿಂತ ಮೇಲಾಗಿ, ಓಟಿಪಿ ಬಾಯಲ್ಲಿ ಹೇಳಬಹುದಾದ ಗುಟ್ಟು. ಕೇಳುವ ದನಿ ಗಟ್ಟಿಯಾಗಿದ್ದರೆ, ‘ನಾನು ಬ್ಯಾಂಕ್ ಮ್ಯಾನೇಜರ್’ ಎಂದರೆ, ಎಂಥವರೂ ಒಮ್ಮೆ ಹೇಳಿಬಿಡುತ್ತಾರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಎಸ್ಎಂಎಸ್ ಗುರುತನ್ನು ‘ನಿರ್ಬಂಧಿತ’ ಪಟ್ಟಿಗೆ ಸೇರಿಸಿತು.

ನಮ್ಮ ಕೈಯಲ್ಲೇ ಇದಕ್ಕಿಂತ ಒಳ್ಳೆಯ ಮಾದರಿ ಇದೆ. ದಿನಾ ಬಳಸುತ್ತಿದ್ದೇವೆ, ಗಮನಿಸಿಲ್ಲ. ಹೊಸ ಫೋನಿಗೆ ಯುಪಿಐ ಆ್ಯಪ್ ಹಾಕಿದಾಗ ಏನಾಗುತ್ತದೆ, ನೆನಪು ಮಾಡಿಕೊಳ್ಳಿ. ನಮಗೆ ಮೆಸೇಜು ಬರುವುದಿಲ್ಲ, ನಮ್ಮ ಫೋನಿನಿಂದ ಒಂದು ಮೆಸೇಜು ಹೋಗುತ್ತದೆ. ಯಾವ ಸಿಮ್‌ನಿಂದ ಹೊರಟಿತೆಂದು ಬ್ಯಾಂಕು ನೋಡಿಕೊಂಡು, ಆ ಫೋನು ಮತ್ತು ಆ ಸಿಮ್ಮನ್ನು ಖಾತೆಗೆ ಗಂಟು ಹಾಕುತ್ತದೆ. ನಡುವೆ ಯಾರಿಗೂ ಓದಿ ಹೇಳುವಂಥದ್ದು ಏನಿಲ್ಲ. ಆಮೇಲೆ ಸಾಮಾನ್ಯವಾಗಿ ಪಾವತಿಗೆ ನಾಲ್ಕೋ ಆರೋ ಅಂಕಿಯ ಪಿನ್. ಅದನ್ನು ಫೋನ್‌ಪೇ, ಗೂಗಲ್ ಪೇಗಳು ಕೂಡ ನೋಡಲಾರವು. ಯುಪಿಐ ನಡೆಸುವ ಎನ್‌ಪಿಸಿಐ ಕೊಟ್ಟ ಪ್ರತ್ಯೇಕ ಪರದೆಯಲ್ಲೇ ಅದು ಗೂಢಲಿಪಿಯಾಗುತ್ತದೆ. ಹೊಸಹಳ್ಳಿಯ ಸಂತೆಯಲ್ಲಿ ಕೊತ್ತಂಬರಿ ಸಿವುಡು ಮಾರುವ ಹೆಣ್ಣುಮಗಳು, ಕೊಟ್ಟೂರಿನಲ್ಲಿ ಮಂಡಕ್ಕಿ ಮಿರ್ಚಿ ಕಟ್ಟಿಕೊಡುವ ಹುಡುಗ ಇಬ್ಬರೂ ಈ ಎರಡು ಪದರದ ಗುರುತನ್ನು ತೊಡಕಿಲ್ಲದೆ ಬಳಸುತ್ತಾರೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ಯುಪಿಐ ವಹಿವಾಟು 2,000 ಕೋಟಿ ದಾಟಿತು. ‘ಹಳ್ಳಿಯವರಿಗೆ ಓಟಿಪಿಗಿಂತ ಕಷ್ಟದ್ದು ಆಗುವುದಿಲ್ಲ’ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಯುಪಿಐಯಲ್ಲಿ ಮೋಸ ನಡೆಯುವುದಿಲ್ಲವೆಂದಲ್ಲ. ‘ಹಣ ಬರಬೇಕಾದರೆ ಪಿನ್ ಹಾಕಿ’ ಎಂದು ನಂಬಿಸಿ ಲೂಟಿ ಮಾಡಿದ್ದಾರೆ. ಆ ದಾರಿಗೆ ಅನುಕೂಲವಾಗಿದ್ದ, ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು.

ಆ್ಯಪಿನೊಳಗೆ ಪಾಸ್‌ವರ್ಡ್ ಪೆಟ್ಟಿಗೆ ಬೇಡ

ಇನ್ನು ಆ್ಯಪ್ ಕಟ್ಟುವವರಿಗೆ ನೇರವಾಗಿ ಎರಡು ಮಾತು. ನಮ್ಮ ವಿಜಯನಗರ ಜಿಲ್ಲೆಯ ಕಾಲೇಜುಗಳಲ್ಲಿ ಈಗ ಆ್ಯಪ್ ಬರೆಯುವ ಹುಡುಗ ಹುಡುಗಿಯರಿಗೆ ಬರವಿಲ್ಲ. ಅವರಲ್ಲಿ ಬಹಳ ಮಂದಿ ಮಾಡುವ ಮೊದಲ ತಪ್ಪು ನಾನೂ ಮಾಡಿದ್ದೆ.

ನಮ್ಮ ಆ್ಯಪ್ ಬೇರೆಯವರ ಖಾತೆಯನ್ನು ಬಳಸಿ ಜನರನ್ನು ಒಳಬಿಡುತ್ತದೆ ಎಂದಿಟ್ಟುಕೊಳ್ಳಿ. ಗೂಗಲ್ ಖಾತೆ ಇರಬಹುದು, ಡಿಜಿಲಾಕರ್ ಇರಬಹುದು. ಸುಲಭವೆಂದು ತೋರುವ ದಾರಿ, ಆ್ಯಪಿನೊಳಗೇ ಹೆಸರು, ಪಾಸ್‌ವರ್ಡ್ ತುಂಬಿಸಿಕೊಂಡು ನಾವೇ ಆಚೆಯವರಿಗೆ ಮುಟ್ಟಿಸುವುದು. ಹೀಗೆ ಮಾಡಿದರೆ ಆ ಪಾಸ್‌ವರ್ಡ್ ನಮಗೂ ಗೊತ್ತಾಗುತ್ತದೆ. ನಾವು ಪ್ರಾಮಾಣಿಕರೇ ಇರಬಹುದು, ಆದರೆ ಸಿಕ್ಕ ಸಿಕ್ಕ ಆ್ಯಪಿನಲ್ಲಿ ಪಾಸ್‌ವರ್ಡ್ ಹೊಡೆಯುವ ಚಾಳಿಯನ್ನು ಜನಕ್ಕೆ ಕಲಿಸಿದವರೂ ನಾವೇ ಆಗುತ್ತೇವೆ. ಮುಂದೆ ಕಳ್ಳ ಆ್ಯಪ್ ಕೇಳಿದಾಗಲೂ ಅವರು ಹೊಡೆಯುತ್ತಾರೆ. ಆ್ಯಪಿನೊಳಗೆ ಪುಟ್ಟ ಕಿಟಕಿ ತೆರೆದು ಅದರಲ್ಲೇ ಗೂಗಲ್ ಪುಟ ತೋರಿಸುವ ವೆಬ್‌ವ್ಯೂ ಕೂಡ ಇದೇ ಜಾತಿಯದು. ನೋಡಲು ಗೂಗಲ್ ಪುಟ, ಆದರೆ ಒತ್ತಿದ ಪ್ರತಿ ಅಕ್ಷರವನ್ನೂ ಆ್ಯಪ್ ಓದಬಹುದು. ಇದನ್ನು ಒಪ್ಪುವುದಿಲ್ಲವೆಂದು ಗೂಗಲ್ 2016ರಲ್ಲಿ ಘೋಷಿಸಿ ಮರುವರ್ಷದಿಂದ ತಡೆಯತೊಡಗಿತು.

ಸರಿಯಾದ ದಾರಿಯನ್ನು 2017ರ ಅಕ್ಟೋಬರಿನಲ್ಲಿ ಬಂದ ಆರ್‌ಎಫ್‌ಸಿ 8252 ಎಂಬ ಅಂತರಜಾಲದ ಮಾನಕ ದಾಖಲೆ ಬಿಡಿಸಿ ಹೇಳಿದೆ. ಮೊಬೈಲ್, ಡೆಸ್ಕ್‌ಟಾಪ್ ಎರಡಕ್ಕೂ ಅದೇ ಇವತ್ತಿನ ಆಧಾರ. ಆ್ಯಪ್ ತನ್ನ ಬಾಗಿಲಿಗೆ ಬಂದವರನ್ನು ಫೋನಿನ ನಿಜವಾದ ಬ್ರೌಸರಿಗೆ ಕಳಿಸುತ್ತದೆ. ಅಲ್ಲಿ, ಖಾತೆ ನಡೆಸುವ ಸಂಸ್ಥೆಯ ಪುಟದಲ್ಲೇ ಅವರು ಗುರುತು ಕೊಡುತ್ತಾರೆ. ಬ್ರೌಸರು ಒಂದು ತಾತ್ಕಾಲಿಕ ಸಂಕೇತವನ್ನು ಆ್ಯಪಿಗೆ ತಂದುಕೊಡುತ್ತದೆ, ಆ್ಯಪ್ ಅದನ್ನು ಕೊಟ್ಟು ಟೋಕನ್, ಅಂದರೆ ಒಳಹೋಗುವ ಚೀಟಿ, ಪಡೆಯುತ್ತದೆ. ಪಾಸ್‌ವರ್ಡ್ ಆ್ಯಪಿನ ಕಣ್ಣಿಗೇ ಬೀಳುವುದಿಲ್ಲ. ಓಆತ್ ಎನ್ನುವುದು ಈ ಪದ್ಧತಿಗೇ. ಪಾಸ್‌ವರ್ಡನ್ನು ಆ್ಯಪಿನ ಕೈಗೆ ಕೊಡುವ ಹಳೆಯ ಓಆತ್ ದಾರಿಯನ್ನು ಬಳಸಲೇಬಾರದೆಂದು 2025ರ ಜನವರಿಯ ಆರ್‌ಎಫ್‌ಸಿ 9700 ಕಟ್ಟುನಿಟ್ಟಾಗಿ ಹೇಳಿದೆ.

ಇದರಲ್ಲೂ ಒಂದು ಸಂದಿ ಇತ್ತು. ಬ್ರೌಸರಿನಿಂದ ಆ್ಯಪಿಗೆ ಬರುವ ಸಂಕೇತವನ್ನು ಅದೇ ಫೋನಿನಲ್ಲಿ ಹೊಂಚು ಹಾಕಿದ ಇನ್ನೊಂದು ಆ್ಯಪ್ ‘ನಾನೇ ಅವನು’ ಎಂದು ಹಾರಿಸಿಕೊಂಡು ಹೋಗಬಹುದು. ಅದಕ್ಕೆ ಕಟ್ಟಿದ ತಡೆ ಪಿಕೆಸಿಇ. ಬಲ್ಲವರು ‘ಪಿಕ್ಸಿ’ ಎನ್ನುತ್ತಾರೆ. 2015ರದ್ದು. ಕೊಟ್ಟೂರು ಜಾತ್ರೆಯ ಸೈಕಲ್ ಸ್ಟ್ಯಾಂಡ್ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸ್ಟ್ಯಾಂಡಿನವನು ಚೀಟಿಯನ್ನು ಎರಡು ಹರಿದು ಒಂದನ್ನು ಸೈಕಲ್ಲಿಗೆ ಸಿಕ್ಕಿಸುತ್ತಾನೆ, ಇನ್ನೊಂದನ್ನು ನಮ್ಮ ಕೈಗೆ ಕೊಡುತ್ತಾನೆ. ತೇರು ಎಳೆದು ಬಂದ ಮೇಲೆ ಹರಿದ ಅಂಚುಗಳು ಕೂಡಿದರೆ ಮಾತ್ರ ಸೈಕಲ್ಲು. ಇಲ್ಲಿ ಚೀಟಿ ಹರಿಯುವುದು ಆ್ಯಪ್. ಪ್ರತಿ ಸಲವೂ ಅದು ಯಾರೂ ಊಹಿಸಲಾಗದ, ಕನಿಷ್ಠ 43 ಅಕ್ಷರಗಳ ಒಂದು ಸಾಲನ್ನು ಹುಟ್ಟಿಸಿ ಹತ್ತಿರವೇ ಇಟ್ಟುಕೊಳ್ಳುತ್ತದೆ. ಅದರಿಂದ ಲೆಕ್ಕ ಹಾಕಿ ತೆಗೆದ ಗುರುತನ್ನು ಮಾತ್ರ ಮೊದಲೇ ಸರ್ವರಿಗೆ ಕಳಿಸುತ್ತದೆ. ಟೋಕನ್ ಕೇಳುವಾಗ ಮೂಲ ಸಾಲನ್ನು ತೋರಿಸಬೇಕು. ಸಂಕೇತ ಕದ್ದವನ ಹತ್ತಿರ ಆ ಅರ್ಧ ಚೀಟಿ ಇಲ್ಲ.

ಆ್ಯಪಿನೊಳಗೆ ಒಂದು ‘ರಹಸ್ಯ ಕೀ’ ಬರೆದಿಟ್ಟರೆ ಇಷ್ಟೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಎಪಿಕೆ ಕಡತವನ್ನು ಬಿಚ್ಚಿ ಒಳಗಿನದನ್ನು ಓದುವುದು ಕಾಲೇಜು ಹುಡುಗನಿಗೂ ಒಂದು ಸಂಜೆಯ ಕೆಲಸ. ಸಾವಿರ ಫೋನುಗಳಲ್ಲಿ ಒಂದೇ ಕೀ ಇಟ್ಟು ಅದನ್ನು ರಹಸ್ಯ ಎನ್ನಲಾಗದು. ಬೀಗದ ಅಂಗಡಿಯವನು ಸಂತೆಯಲ್ಲಿ ಮಾರಿದ ಬೀಗಕ್ಕೆಲ್ಲ ಒಂದೇ ಕೀಲಿ ಕೊಟ್ಟ ಹಾಗೆ.

ಸಂಘದ ಮೇಜಿನ ಕಂಪ್ಯೂಟರು

ಮೊಬೈಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮೇಜಿನ ಮೇಲಿನ ಕಂಪ್ಯೂಟರನ್ನು ಮರೆಯುತ್ತಾರೆ. ನಮ್ಮ ಸಂಘದ ಕಚೇರಿಯಲ್ಲಿ ಮೂವರು ನೌಕರರು, ಒಂದು ಕಂಪ್ಯೂಟರು, ‘ಅಡ್ಮಿನ್’ ಎಂಬ ಒಂದೇ ಹೆಸರು. ಪಾಸ್‌ವರ್ಡನ್ನು ಹಾಳೆಯಲ್ಲಿ ಬರೆದು ಕೀಬೋರ್ಡಿನ ಅಡಿಗೆ ಅಂಟಿಸಿದ್ದರು. ಹಾಳೆಯ ಅಂಚು ಬೆರಳಿನ ಕೊಳೆಗೆ ಕಪ್ಪಾಗಿತ್ತು. ಭೂಮಿ 2001ರಲ್ಲಿ ಕಲಿಸಿದ್ದು ನಮಗೆ ತಲುಪಿರಲೇ ಇಲ್ಲ.

ಡೆಸ್ಕ್‌ಟಾಪ್ ಆ್ಯಪಿಗೂ ಬ್ರೌಸರಿನ ದಾರಿಯೇ ಸರಿ. ಗುರುತು ಕೊಟ್ಟ ಮೇಲೆ ಬ್ರೌಸರು 127.0.0.1 ಎಂಬ ವಿಳಾಸಕ್ಕೆ ಮರಳುತ್ತದೆ. ಅದು ಅದೇ ಕಂಪ್ಯೂಟರಿನ ಒಳವಿಳಾಸ, ಹೊರಗಿನ ಜಾಲದಿಂದ ಅಲ್ಲಿಗೆ ಯಾರೂ ಬರಲಾರರು. ಬಂದ ಟೋಕನ್ನನ್ನು ಬರೀ ಕಡತದಲ್ಲಿ ಬರೆದಿಟ್ಟರೆ ಪೆನ್‌ಡ್ರೈವಿನಲ್ಲಿ ನಕಲು ಮಾಡಿಕೊಂಡು ಹೋಗಬಹುದು. ವಿಂಡೋಸ್, ಮ್ಯಾಕ್ ಎರಡರಲ್ಲೂ ಇಂಥದ್ದನ್ನಿಡಲು ಭದ್ರ ಪೆಟ್ಟಿಗೆಗಳಿವೆ. ಆಂಡ್ರಾಯ್ಡಿನಲ್ಲಿ ಟೋಕನ್ನನ್ನು ಗೂಢಲಿಪಿ ಮಾಡುವ ಕೀಗೆ ಕೀಸ್ಟೋರ್ ಇದೆ. ಅಲ್ಲೇ ಇಡಬೇಕು. ಟೋಕನ್ ಆಯಸ್ಸು ಚಿಕ್ಕದಿರಬೇಕು, ನವೀಕರಿಸುವ ಟೋಕನ್ ಒಮ್ಮೆ ಬಳಸಿದ ಮೇಲೆ ಸತ್ತು ಹೊಸದು ಬರಬೇಕು. ಹಳೆಯದನ್ನು ಯಾರಾದರೂ ಮತ್ತೆ ತೋರಿಸಿದರೆ ಎಲ್ಲೋ ಕಳುವಾಗಿದೆ ಎಂದು ಸರ್ವರಿಗೆ ತಿಳಿಯುತ್ತದೆ.

ಶಾಸನದ ಕೊನೆಯ ಸಾಲು

ವಿಜಯನಗರದ ಅರಸರ ತಾಮ್ರಶಾಸನಗಳನ್ನು ನೋಡಿದವರು ಒಂದು ಸೊಗಸು ಗಮನಿಸಿರುತ್ತಾರೆ. ಅನೇಕ ಶಾಸನಗಳ ಮೈಯೆಲ್ಲ ಸಂಸ್ಕೃತ, ಲಿಪಿ ನಂದಿನಾಗರಿ. ಕೊನೆಯಲ್ಲಿ ಮಾತ್ರ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’. ಅದು ಅರಸನ ಅಂಕಿತ. ಓದಲು ಎಲ್ಲರಿಗೂ ಬರುತ್ತದೆ, ಬರೆಯುವ ಅಧಿಕಾರ ಒಬ್ಬನದು. 2021ರಲ್ಲಿ ಆ ಸಾಮ್ರಾಜ್ಯದ ಹೆಸರನ್ನೇ ಹೊತ್ತು ಹುಟ್ಟಿದ ಜಿಲ್ಲೆ ನಮ್ಮದು. ಪಾಸ್‌ಕೀ ಎಂಬ ಹೊಸ ಗುರುತನ್ನು ಯಾರಿಗಾದರೂ ವಿವರಿಸುವಾಗ ನಾನು ಈ ಅಂಕಿತದಿಂದಲೇ ಶುರು ಮಾಡುತ್ತೇನೆ.

ಪಾಸ್‌ಕೀ ಮಾಡುವಾಗ ಫೋನು ಒಂದು ಜೋಡಿ ಕೀ ಹುಟ್ಟಿಸುತ್ತದೆ. ಒಂದು ಬರೆಯುವ ಕೀ, ಅದು ನಮ್ಮ ಹತ್ತಿರವೇ ಉಳಿಯುತ್ತದೆ. ಇನ್ನೊಂದು ಓದುವ ಕೀ, ಅದು ಸರ್ವರಿಗೆ. ಪ್ರತಿ ಸಲ ಒಳಹೋಗುವಾಗ ಸರ್ವರು ಹೊಸದೊಂದು ಅಂಕಿ ಕಳಿಸುತ್ತದೆ. ನಾವು ಬೆರಳಿಟ್ಟರೆ ಫೋನು ಅದಕ್ಕೆ ಅಂಕಿತ ಹಾಕಿ ಮರಳಿಸುತ್ತದೆ, ಸರ್ವರು ಓದುವ ಕೀಯಿಂದ ತಾಳೆ ನೋಡುತ್ತದೆ. ನಾಳೆ ಸರ್ವರಿಗೆ ಕನ್ನ ಬಿದ್ದರೂ ಕಳ್ಳನಿಗೆ ಸಿಗುವುದು ಓದುವ ಕೀಗಳು ಮಾತ್ರ. ಇನ್ನೂ ಮುಖ್ಯವಾದದ್ದು, ಈ ಕೀ ಯಾವ ತಾಣಕ್ಕೆ ಹುಟ್ಟಿತೋ ಆ ತಾಣದ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಒಂದಕ್ಷರ ಬದಲಾಯಿಸಿದ ನಕಲಿ ಪುಟವನ್ನು ನಮ್ಮ ಕಣ್ಣು ನಂಬಬಹುದು, ಫೋನು ನಂಬುವುದಿಲ್ಲ. ವೆಬ್‌ಆತ್‌ಎನ್ ಎಂಬ, ಪಾಸ್‌ಕೀಗೆ ಬುನಾದಿಯಾದ ಮಾನಕ 2019ರಲ್ಲಿ ಸಿದ್ಧವಾಯಿತು; 2022ರಲ್ಲಿ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಒಟ್ಟಿಗೆ ಇದಕ್ಕೆ ಕೈಜೋಡಿಸಿದವು. ಪಕ್ಕದ ಕಂಪ್ಯೂಟರಿಗೆ ಫೋನಿನ ಪಾಸ್‌ಕೀಯಿಂದ ಒಳಹೋಗುವಾಗ ಪರದೆಯ ಮೇಲೆ ಕ್ಯೂಆರ್ ಬರುತ್ತದೆ. ಅದನ್ನು ಸ್ಕ್ಯಾನ್ ಮಾಡಿದರಷ್ಟೇ ಸಾಲದು, ಫೋನು ನಿಜಕ್ಕೂ ಹತ್ತಿರವಿದೆಯೇ ಎಂದು ಬ್ಲೂಟೂತ್ ನೋಡುತ್ತದೆ. ಎಲ್ಲೋ ದೂರದ ರಾಜ್ಯದಲ್ಲಿ ಕೂತವನು ವಾಟ್ಸ್ಆ್ಯಪಿನಲ್ಲಿ ಕ್ಯೂಆರ್ ಕಳಿಸಿ ‘ಸ್ಕ್ಯಾನ್ ಮಾಡಿ’ ಎಂದರೆ ಈ ಲೆಕ್ಕ ಕೂಡುವುದಿಲ್ಲ.

ಇಷ್ಟು ಓದಿದವರಿಗೆ ಪಾಸ್‌ಕೀ ಹಾಕಿದರೆ ಎಲ್ಲ ಮುಗಿಯಿತು ಅನ್ನಿಸಬಹುದು. ನಮಗೂ ಅನ್ನಿಸಿತ್ತು. ಊರಿನಲ್ಲಿ ಕೂತು ನೋಡಿದಾಗ ಬೇರೆಯೇ ಕಂಡಿತು. ಪಾಸ್‌ಕೀಗಳು ಸಾಮಾನ್ಯವಾಗಿ ಗೂಗಲ್ ಖಾತೆಯ ಜೊತೆ ಮೋಡಕ್ಕೆ ಹೋಗಿ ಉಳಿಯುತ್ತವೆ, ಫೋನು ಕಳೆದರೆ ಹೊಸ ಫೋನಿಗೆ ಬರುತ್ತವೆ. ಪೇಟೆಯವರಿಗೆ ಇದು ದೊಡ್ಡ ಅನುಕೂಲ. ಸಂಘದ ಸದಸ್ಯೆಯೊಬ್ಬರನ್ನು “ಯಕ್ಕಾ, ನಿಮ್ಮ ಜಿಮೇಲ್ ಯಾವುದು?” ಎಂದು ಕೇಳಿದೆ. “ಅದು ಮೊಬೈಲ್ ಅಂಗಡಿಯೋನು ಮಾಡಿದ್ದಪ್ಪಾ, ನಂಗೇನ್ ಗೊತ್ತು” ಅಂದರು. ಹೊಸ ಫೋನು ಕೊಂಡ ದಿನ ಅಂಗಡಿಯವನೇ ಖಾತೆ ತೆರೆದು, ತನಗೆ ತೋಚಿದ ಪಾಸ್‌ವರ್ಡ್ ಹಾಕಿ ಕೊಟ್ಟಿರುತ್ತಾನೆ. ನಾವು ಕಟ್ಟಿದ ಇಡೀ ಕೋಟೆಯ ಹೆಬ್ಬಾಗಿಲ ಕೀಲಿ ಹೀಗೆ ಯಾರದೋ ನೆನಪಿನಲ್ಲಿ! ಇನ್ನೊಂದು ಸಂಗತಿ, ಮನೆಗೆ ಒಂದೇ ಫೋನು. ಹಗಲು ಗಂಡನ ಕೈಯಲ್ಲಿ, ಸಂಜೆ ಮಗನ ಆಟಕ್ಕೆ, ರಾತ್ರಿ ಆ ಸದಸ್ಯೆಯ ಕೈಗೆ. ಪರದೆಯ ಬೀಗ ತೆರೆಯುವ ಬೆರಳುಗಳೇ ನಾಲ್ಕು.

ಆದ್ದರಿಂದ ನಾವು ಆರಿಸಿಕೊಂಡದ್ದು ಪುಸ್ತಕದ ಉತ್ತರಕ್ಕಿಂತ ಸ್ವಲ್ಪ ಬೇರೆ. ಬರೆಯುವ ಕೀ ಆ ಫೋನಿನ ಚಿಪ್ಪಿನಲ್ಲೇ ಹುಟ್ಟಿ ಅಲ್ಲೇ ಇರುತ್ತದೆ, ಮೋಡಕ್ಕೆ ಹೋಗುವುದಿಲ್ಲ. ಫೋನಿಗೆ ಯಾರಾದರೂ ಹೊಸ ಬೆರಳು ಸೇರಿಸಿದರೆ ಕೀ ತಾನಾಗಿ ನಿಷ್ಕ್ರಿಯವಾಗುತ್ತದೆ. ಆಂಡ್ರಾಯ್ಡಿನಲ್ಲಿ ಇದಕ್ಕೆ ಏರ್ಪಾಡಿದೆ. ಲೆಕ್ಕ ನೋಡಲು ಇಷ್ಟು ಸಾಕು. ಹಣಕ್ಕೆ ಸಂಬಂಧಿಸಿದ ಕೋರಿಕೆಗೆ ಯುಪಿಐಯಂತೆ ಬೇರೆಯದೇ ಪಿನ್, ಅದು ತಾಳೆಯಾಗುವುದು ಸರ್ವರಿನಲ್ಲಿ. ಐದು ಸಲ ತಪ್ಪಿದರೆ ಬಾಗಿಲು ಬಂದ್. ಫೋನಿನ ಬೀಗ ಮನೆಯವರೆಲ್ಲರದು, ಪಿನ್ ಆ ಹೆಣ್ಣುಮಗಳೊಬ್ಬಳದು. ತನ್ನ ಹೆಸರಿನ ಸಾಲ, ತನ್ನ ಹೆಸರಿನ ಉಳಿತಾಯ ತನ್ನ ಹಿಡಿತದಲ್ಲಿರಬೇಕೆಂಬುದು ಅವಳ ಹಕ್ಕು. ಇದನ್ನು ಬರೀ ತಂತ್ರಜ್ಞಾನದ ವಿಷಯವೆಂದು ನಾನು ಒಪ್ಪಲಾರೆ.

ಉಂಗುರ ಕಳೆದರೆ

‘ಅಭಿಜ್ಞಾನ’ ಎಂದರೆ ಗುರುತು. ದುಷ್ಯಂತ ಕೊಟ್ಟ ಉಂಗುರ ನೀರಿಗೆ ಬಿದ್ದದ್ದೇ ತಡ, ತುಂಬಿದ ಆಸ್ಥಾನದಲ್ಲಿ ಶಕುಂತಲೆ ಯಾರೂ ಅಲ್ಲದವಳಾದಳು. ಅವಳ ಮಾತು, ಮುಖ, ಒಡಲ ಕೂಸು ಯಾವುದೂ ಸಾಕ್ಷಿಯಾಗಲಿಲ್ಲ. ಉಂಗುರ ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ್ದರಿಂದ ಕಥೆ ಉಳಿಯಿತು. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲವನ್ನು ಓದಿದಾಗಲೆಲ್ಲ ನನಗೆ ಕಾಡಿದ್ದು ಇದೇ: ಆ ರಾಜ್ಯದಲ್ಲಿ ಉಂಗುರ ಕಳೆದುಕೊಂಡವರಿಗೆ ಇನ್ನೊಂದು ಬಾಗಿಲೇ ಇರಲಿಲ್ಲ.

ನಮ್ಮ ಆ್ಯಪುಗಳಲ್ಲಿ ಹೆಚ್ಚಿನವು ಇದರ ತದ್ವಿರುದ್ಧ. ಮುಂಬಾಗಿಲಿಗೆ ಎಷ್ಟು ಬೀಗ ಹಾಕಿದರೂ ‘ಪಾಸ್‌ವರ್ಡ್ ಮರೆತಿರಾ?’ ಎಂಬ ಹಿತ್ತಲ ಬಾಗಿಲಲ್ಲಿ ಅದೇ ಹಳೆಯ ಓಟಿಪಿ ಕೂತಿರುತ್ತದೆ. ಕಳ್ಳನಿಗೆ ಅದು ಗೊತ್ತು, ಅವನು ಮುಂಬಾಗಿಲ ಕಡೆ ಬರುವುದೇ ಇಲ್ಲ. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರಿಂದ ಜಾರಿಯೆಂದು ಹೇಳಿದ ನಿರ್ದೇಶನಗಳು ಡಿಜಿಟಲ್ ಪಾವತಿಗೆ ಕನಿಷ್ಠ ಎರಡು ಗುರುತು ಬೇಕೆನ್ನುತ್ತವೆ, ಎಸ್ಎಂಎಸ್ ಓಟಿಪಿಯ ಆಚೆಗಿನ ದಾರಿಗಳನ್ನೂ ತೆರೆಯುತ್ತವೆ. ಒಳ್ಳೆಯದೇ. ಆದರೆ ಫೋನು ಬಾವಿಗೆ ಬಿದ್ದ ದಿನ ಏನು ಮಾಡಬೇಕೆಂಬುದನ್ನು ಪ್ರತಿ ಆ್ಯಪ್ ಕಟ್ಟುವವರೂ ತಮ್ಮ ಜನರನ್ನು ನೋಡಿಯೇ ನಿರ್ಧರಿಸಬೇಕು.

ನಮ್ಮ ಸಂಘಕ್ಕೆ ಪೇಟೆಯ ಬ್ಯಾಂಕಿಗಿಲ್ಲದ ಒಂದು ಆಸ್ತಿ ಇದೆ. ಸದಸ್ಯರನ್ನು ಮುಖ ನೋಡಿ ಗುರುತಿಸುವ ಜನ ಅಲ್ಲಿದ್ದಾರೆ. ಹಾಗಾಗಿ ಹೊಸ ಫೋನಿಗೆ ಕೀ ಬೇಕಾದರೆ ಸದಸ್ಯರು ಖುದ್ದು ಬರಬೇಕು. ಕಾರ್ಯದರ್ಶಿ ತಮ್ಮ ಹೆಸರಿನಲ್ಲೇ, ತಮ್ಮದೇ ಬೆರಳಿಟ್ಟು ಒಳಹೋಗಿ ಒಪ್ಪಬೇಕು. ಇನ್ನೊಬ್ಬ ನೌಕರ ಪ್ರತ್ಯೇಕವಾಗಿ ಒಪ್ಪಬೇಕು. ಆಮೇಲೂ ಒಂದು ದಿನ ಹಣದ ಕೋರಿಕೆ ನಡೆಯುವುದಿಲ್ಲ, ಆ ಹೊತ್ತಿನಲ್ಲಿ ಹಳೆಯ ಫೋನಿಗೆ ಸೂಚನೆ ಹೋಗುತ್ತದೆ. ಕೀಬೋರ್ಡಿನ ಅಡಿಯ ಹಾಳೆಯನ್ನು ಕಾರ್ಯದರ್ಶಿಯವರೇ ಕಿತ್ತು ಹರಿದರು.

ಮೊನ್ನೆ ಹೋದಾಗ, ಕಬ್ಬಿನ ಕೆಲಸದಿಂದ ಮರಳಿದ ಒಬ್ಬ ಹೆಣ್ಣುಮಗಳು ಕೌಂಟರಿನ ಮುಂದೆ ನಿಂತಿದ್ದಳು. ಹೊಸ ಸಿಮ್, ಹೊಸ ಫೋನು, ಪರದೆಗೆ ಇನ್ನೂ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿತ್ತು. ಕಾರ್ಯದರ್ಶಿ ಕನ್ನಡಕದ ಮೇಲಿನಿಂದ ನೋಡಿ, “ಎಲ್ಲಿ ಕೆಲಸ ಇತ್ತವ್ವಾ ಈ ಸಲ?” ಎಂದು ವಿಚಾರಿಸುತ್ತಲೇ ಬೆರಳಿಟ್ಟರು. ಪಕ್ಕದ ಮೇಜಿನ ಹುಡುಗಿಯೂ ಎದ್ದು ಬಂದು ಮುಖ ನೋಡಿ ತನ್ನ ಒಪ್ಪಿಗೆ ಒತ್ತಿದಳು. ಹೆಣ್ಣುಮಗಳು ಫೋನನ್ನು ಅವರ ಕಡೆ ಚಾಚಿ, “ನಂಬರ್ ಬಂದೈತೇನು ನೋಡ್ರಿ, ಓದ್ರಿ” ಅಂದಳು. “ಏನೂ ಬರಂಗಿಲ್ಲವ್ವಾ. ನಿನ್ನ ಬೆರಳು ಇಡು, ನಿನ್ನ ಪಿನ್ ನೀನೇ ಒತ್ಕೋ, ನಾವು ಈ ಕಡೆ ತಿರುಗ್ತೀವಿ” ಎಂದು ಕಾರ್ಯದರ್ಶಿ ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ಕೂತರು. ಅವಳು ಸೆರಗಿನಲ್ಲಿ ಬೆರಳು ಒರೆಸಿಕೊಂಡು, ಫೋನನ್ನು ಎದೆಗೆ ಹತ್ತಿರ ಹಿಡಿದು, ಒಂದೊಂದೇ ಅಂಕಿ ಒತ್ತತೊಡಗಿದಳು.